ಕೊಟ್ಟ ಮಾತಿನ ಬೆಲೆ

ಪತ್ತೇದಾರಿ ಕಾದಂಬರಿಯೆಂದರೆ ನಮ್ಮ ವಿದ್ಯಾವಂತರು ಕೊಂಚ ಮೂಗು ಮುರಿಯುವುದುಂಟು. ಆದರೆ ಧರ್ಮಸೂಕ್ಷ್ಮದ ಪ್ರಶ್ನೆಗೆ ಇಂಥ ಮನೆಯೇ ಆಗಬೇಕೆಂಬ ನಿಯಮವಿಲ್ಲ. ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಡ್ಯೂರೆನ್‌ಮಾಟ್ 1958ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಕಾದಂಬರಿಯೊಂದುಂಟು. ಅದರ ಹೆಸರಿಗೆ 'ವಾಗ್ದಾನ' ಎಂದರ್ಥ.

ಕಥೆ ಇಷ್ಟು. ಜ್ಯೂರಿಕ್ ಪ್ರಾಂತದ ಕಾಡಿನಲ್ಲಿ ಪುಟ್ಟ ಹುಡುಗಿಯೊಬ್ಬಳ ಕೊಲೆಯಾಗುತ್ತದೆ. ಪೊಲೀಸ್ ಅಧಿಕಾರಿ ಮಟೇಯಿ ಕೊಲೆಗಾರನನ್ನು ಹಿಡಿಯುವೆನೆಂದು ಅವಳ ತಾಯಿಗೆ ಆಣೆಯಿಟ್ಟು ಮಾತು ಕೊಡುತ್ತಾನೆ. ಹೆಣವನ್ನು ಕಂಡು ತಿಳಿಸಿದ ಬಡ ವ್ಯಾಪಾರಿಯನ್ನೇ ಪೊಲೀಸರು ಗಂಟೆಗಟ್ಟಲೆ ಕಾಡಿ ತಪ್ಪೊಪ್ಪಿಸುತ್ತಾರೆ, ಅವನು ಸೆರೆಕೋಣೆಯಲ್ಲಿ ನೇಣು ಹಾಕಿಕೊಳ್ಳುತ್ತಾನೆ, ಮೊಕದ್ದಮೆ ಮುಗಿಯುತ್ತದೆ. ಮಟೇಯಿ ಮಾತ್ರ ನಂಬುವುದಿಲ್ಲ. ಹಿಂದೆಯೂ ಇಬ್ಬರು ಹುಡುಗಿಯರು ಹೀಗೆಯೇ ಸತ್ತಿದ್ದರು. ಜೋರ್ಡಾನಿನಲ್ಲಿ ಕಾದಿದ್ದ ಹುದ್ದೆಯನ್ನು ಬಿಟ್ಟು, ಕೊಲೆಗಾರ ಹಾದುಹೋಗಬಹುದಾದ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಹಿಡಿಯುತ್ತಾನೆ. ಸತ್ತವಳನ್ನು ಹೋಲುವ ಅನ್ನೆಮರಿ ಎಂಬ ಮಗುವನ್ನೂ ಅವಳ ತಾಯಿಯನ್ನೂ ತಂದಿಟ್ಟುಕೊಳ್ಳುತ್ತಾನೆ. ಮಗು ರಸ್ತೆಯ ಬದಿಯಲ್ಲಿ ಆಡುತ್ತದೆ. ತಾನು ಗಾಳಕ್ಕೆ ಸಿಕ್ಕಿಸಿದ ಎರೆಯೆಂಬುದು ಅದಕ್ಕೂ ತಿಳಿಯದು, ತಾಯಿಗೂ ತಿಳಿಯದು.

ಮಟೇಯಿಯ ಪರವಾದ ವಾದ ಸಣ್ಣದಲ್ಲ. ಅವನ ಊಹೆ ನಿಜ; ಕೊಲೆಗಾರ ಬದುಕಿದ್ದಾನೆ. ಒಂದು ಮಗುವನ್ನು ಅಪಾಯಕ್ಕೊಡ್ಡಿ ಹತ್ತು ಮಕ್ಕಳನ್ನು ಉಳಿಸಬಹುದಾದರೆ ಬೇಡವೆನ್ನಲು ಯಾರಿಗೆ ಎದೆ ಬಂದೀತು? ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು 1785ರಲ್ಲಿ ಕ್ಯಾಂಟ್ ಬರೆದದ್ದು ಸರಿಯೇ; ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಎದುರು ಆ ಸೂತ್ರವನ್ನು ಒಪ್ಪಿಸಲು ನಾಲಗೆ ತಡವರಿಸುತ್ತದೆ.

ನನಗೆ ದಾರಿ ತೋರಿದ್ದು ನಮ್ಮ ಪುಣ್ಯಕೋಟಿ. ಅವಳು ಕೊಟ್ಟ ಮಾತಿಗೆ ಒಡ್ಡಿದ್ದು ತನ್ನ ಒಡಲನ್ನು. ಕರುವನ್ನು ಹುಲಿಯ ಬಳಿಗೆ ಕಳಿಸಲಿಲ್ಲ. ಹರಿಶ್ಚಂದ್ರನ ವಿಷಯ ಅಷ್ಟು ಸುಲಭವಲ್ಲ. ರಾಘವಾಂಕನ ಕಾವ್ಯವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಮನಸ್ಸು ಲೋಹಿತಾಶ್ವನತ್ತ ಹೊರಳುತ್ತದೆ. ಸತ್ಯ ತಂದೆಯದು, ಮಾರಾಟವಾದದ್ದು ಮಗು. ಕೊನೆಗೆ ಶಿವನು ಮಗನನ್ನು ಎಬ್ಬಿಸಿ ಲೆಕ್ಕ ಸರಿಮಾಡುತ್ತಾನೆ. ನಾವೂ ನಿಟ್ಟುಸಿರುಬಿಟ್ಟು ಪುಸ್ತಕ ಮುಚ್ಚುತ್ತೇವೆ.

ಡ್ಯೂರೆನ್‌ಮಾಟ್ ಆ ಸಮಾಧಾನವನ್ನು ಕೊಡುವುದಿಲ್ಲ. ಕೊಲೆಗಾರ ಮಗುವಿನತ್ತ ಬರುತ್ತಿರುವಾಗಲೇ ಮೋಟಾರು ಅಪಘಾತದಲ್ಲಿ ಸಾಯುತ್ತಾನೆ. ವರ್ಷಗಟ್ಟಲೆ ಅದು ಪೊಲೀಸರಿಗೆ ತಿಳಿಯುವುದಿಲ್ಲ. ಮಟೇಯಿ ಕುಡಿದು ಕುಡಿದು ಬಂಕಿನ ಮುಂದೆ ಕಾಯುತ್ತಲೇ ಇರುತ್ತಾನೆ. ಅನ್ನೆಮರಿಯ ಬಾಳು ಕೆಡುತ್ತದೆ. ಇದೇ ಕಥೆಯನ್ನು ಅವನು ಮೊದಲು ಚಲನಚಿತ್ರಕ್ಕಾಗಿ ಬರೆದಾಗ ಕೊಲೆಗಾರ ಬಲೆಗೆ ಬೀಳುತ್ತಾನೆ. ಎರಡರಲ್ಲಿಯೂ ಮಗುವಿಗೆ ಮಾಡಿದ್ದು ಒಂದೇ. ಒಂದರಲ್ಲಿ ಅದು ಜಾಣತನ, ಇನ್ನೊಂದರಲ್ಲಿ ಪಾಪ ಎನ್ನುವುದಾದರೆ, ನಾವು ನೀತಿಯನ್ನಲ್ಲ, ಅದೃಷ್ಟವನ್ನು ಹೊಗಳುತ್ತಿದ್ದೇವೆ.

ಹುದ್ದೆ, ಹೆಸರು, ನೆಮ್ಮದಿ — ತನ್ನದಾದ ಇವೆಲ್ಲವನ್ನೂ ಮಟೇಯಿ ತೆತ್ತ. ಅಲ್ಲಿಯವರೆಗೆ ಅವನು ಪುಣ್ಯಕೋಟಿಯ ಕುಲದವನೇ. ತನ್ನದಲ್ಲದ ಮಗುವನ್ನು ತಕ್ಕಡಿಗೆ ಹಾಕಿದ ದಿನ ಆ ಸಾಲದಿಂದ ಹೊರಗಾದ. ಹಾಗಾದರೆ ಮುಂದೆ ಸಾಯಬಹುದಾದ ಹುಡುಗಿಯ ಗತಿಯೇನು ಎಂದು ನೀವು ಕೇಳಬಹುದು. ಆ ಭಾರ ನನ್ನ ಮಾತಿನ ಮೇಲಿದೆ, ಬಲ್ಲೆ. ಅವಳಿಗಾಗಿ ಇನ್ನಷ್ಟು ಹುಡುಕಬೇಕು, ಇನ್ನಷ್ಟು ಕಾಯಬೇಕು, ಸೋಲಲೂಬೇಕಾದೀತು. ಆದರೆ ಒಬ್ಬ ತಾಯಿಗೆ ಕೊಟ್ಟ ಮಾತನ್ನು ಇನ್ನೊಬ್ಬ ತಾಯಿಯ ಮಗುವಿನಿಂದ ತೀರಿಸಲಾಗದು.