ಬಿಗಿದುದನ್ನು ಬಿಡಿಸುವ ಧರ್ಮ

ಕೂಡಿಸುವ ವಿದ್ಯೆಯನ್ನು ಲೋಕವು ಹೊಗಳುತ್ತದೆ. ಬಿಡಿಸುವ ವಿದ್ಯೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಮನೆಯನ್ನು ಕಟ್ಟಿದವನ ಹೆಸರು ಉಳಿಯುತ್ತದೆ. ಜೀರ್ಣವಾದ ತೊಲೆಯನ್ನು ಗೋಡೆಗೆ ಘಾಸಿಯಾಗದಂತೆ ತೆಗೆದವನನ್ನು ಯಾರೂ ಸ್ಮರಿಸುವುದಿಲ್ಲ. ಆದರೆ ಕೂಡಿಸುವಾಗ ಆದ ತಪ್ಪು ಬೇಗನೆ ಕಣ್ಣಿಗೆ ಬೀಳುತ್ತದೆ. ಬಿಡಿಸುವಾಗ ಆದ ತಪ್ಪು ಬಹುಕಾಲ ಮರೆಯಲ್ಲಿದ್ದು ಅನ್ಯರ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಬಿಗಿಯಾಗಿ ಕೂಡಿರುವುದನ್ನು ಬಿಡಿಸುವಲ್ಲಿ ಬಲವನ್ನು ಪ್ರಯೋಗಿಸಬಹುದೆ, ಪ್ರಯೋಗಿಸಿದರೆ ಅದು ಯಾರ ಮೇಲೆ ಬೀಳತಕ್ಕದ್ದು ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ. ಇದನ್ನು ಒಂದು ಯಂತ್ರದ ದೃಷ್ಟಾಂತದಿಂದ ಪರಿಶೀಲಿಸೋಣ.

ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ ಎಂಬ, ಅನಂತರ ಯೆಜ್ಡಿ ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿಹೋಯಿತು. ಕಾರ್ಖಾನೆಯು ಹೋದರೂ ಅದರ ಗಾಡಿಗಳು ನಾಡಿನಲ್ಲಿ ಇನ್ನೂ ಓಡುತ್ತಿವೆ. ಕೃಷ್ಣಾತೀರದ ನಮ್ಮ ಗೂಗಲ್ಲಿನಲ್ಲಿ ತರುಣನೊಬ್ಬನು ತಂದೆಯ ಕಾಲದ ಯೆಜ್ಡಿಯನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿಚ್ಚಿ ಸರಿಪಡಿಸುವುದನ್ನು ಕೆಲವು ದಿನ ಕುಳಿತು ನೋಡಿದೆನು. ಅದರ ಎಂಜಿನ್ನಿನ ಕವಚವು ಅಲ್ಯೂಮಿನಿಯಂ. ಅದರೊಳಗೆ ಕುಳಿತಿರುವ ಬೇರಿಂಗು ಉಕ್ಕು. ಬೇರಿಂಗಿನ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾಗಿ ಕವಚದ ಕುಳಿಯನ್ನು ಕೊರೆದು ಒತ್ತಿ ಕೂರಿಸಿರುವುದೇ ಆ ಬಿಗಿತಕ್ಕೆ ಕಾರಣ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಂಡಿಯ ಗಾಲಿಗೆ ತೊಡಿಸಿ, ನೀರೆರೆದು ಬಿಗಿಗೊಳಿಸುವ ಕಮ್ಮಾರನ ಯುಕ್ತಿಯನ್ನು ಬಲ್ಲ ನಮ್ಮ ಸೀಮೆಯವರಿಗೆ ಈ ತತ್ತ್ವವು ಹೊಸದಲ್ಲ.

ಇಂಥದನ್ನು ಹೊರತೆಗೆಯಲು ಸುತ್ತಿಗೆಯೊಂದೇ ಸಾಧನವೆಂದು ಅವಿವೇಕಿಯು ಭಾವಿಸುತ್ತಾನೆ. ಬಲ್ಲವನ ಕ್ರಮವೇ ಬೇರೆ. ಒಳಗೆ ತಡೆಯುಂಗುರವೇನಾದರೂ ಅಡಗಿದೆಯೇ ಎಂದು ಅವನು ಮೊದಲು ನೋಡುತ್ತಾನೆ. ಇದ್ದರೆ ಅದನ್ನು ಕಳಚುತ್ತಾನೆ. ಅನಂತರ ಎಣ್ಣೆ ಪೆಟ್ರೋಲುಗಳ ಅಂಶವು ಉಳಿಯದಂತೆ ತೊಳೆದು, ಕವಚವನ್ನು ಎಲ್ಲ ಕಡೆಗೂ ಸಮನಾಗಿ ಕಾಯಿಸುತ್ತಾನೆ. ಒಂದೇ ಕಡೆಗೆ ಉರಿಯನ್ನು ಹಿಡಿದರೆ ಅದು ಸೊಟ್ಟಗಾಗುವ ಭಯವುಂಟು. ಕಾವಿನಲ್ಲಿ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 62 ಮಿಲಿಮೀಟರ್ ವ್ಯಾಸದ ಕುಳಿಯು 80 ಡಿಗ್ರಿಯಷ್ಟು ಹೆಚ್ಚಿಗೆ ಕಾದರೆ ಸುಮಾರು 0.11 ಮಿಲಿಮೀಟರ್ ಅಗಲವಾಗುವುದು; ಅಷ್ಟೇ ಕಾದ ಉಕ್ಕು 0.06ರಷ್ಟು ಮಾತ್ರ ಬೆಳೆಯುವುದು. ಈ 0.05ರ ಅಂತರವೇ ಅನೇಕ ಸಲ ಸಾಕಾಗುತ್ತದೆ. ಚಿಮುಕಿಸಿದ ನೀರಹನಿಯು ಚುರ್ರೆಂದು ಹಾರಿದಾಗ ಆ ತರುಣನು ಕವಚವನ್ನು ಮರದ ಹಲಗೆಯ ಮೇಲೆ ಬೋರಲು ಮಾಡಿದನು. ಬೇರಿಂಗು ತನ್ನ ಭಾರದಿಂದಲೇ ಕೆಳಗೆ ಬಿದ್ದಿತು. ಹಿಡಿದುಕೊಂಡವನಿಗೆ ಕೈ ಸಡಿಲಿಸಲು ಅವಕಾಶವಿತ್ತರೆ ಹಿಡಿಯಲ್ಪಟ್ಟವನನ್ನು ಹೊಡೆಯಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ.

ಕಾವಿಗೂ ಬಗ್ಗದ ಬಿಗಿತವುಂಟು. ಆಗ ಬಲವು ಬೇಕೇ ಬೇಕು. ನೀತಿಶಾಸ್ತ್ರಜ್ಞರು ಸಾಮ, ದಾನ, ಭೇದಗಳ ತರುವಾಯ ದಂಡವನ್ನಿಟ್ಟರೇ ಹೊರತು ಅದನ್ನು ಅಳಿಸಿಹಾಕಲಿಲ್ಲ. ಆದರೆ ದಂಡಕ್ಕೂ ಒಂದು ಸ್ಥಾನವಿದೆ. ಬೇರಿಂಗಿಗೆ ಹೊರಬಳೆ, ಒಳಬಳೆ ಎಂದು ಎರಡು ಬಳೆಗಳು. ನಡುವೆ ಉಕ್ಕಿನ ಗುಂಡುಗಳು. ಕವಚದಲ್ಲಿ ಸಿಕ್ಕಿರುವುದು ಹೊರಬಳೆಯಾದರೆ ಅದನ್ನೇ ನೇರವಾಗಿ ಒತ್ತತಕ್ಕದ್ದು. ದಂಡಿಗೆಯ ಮೇಲೆ ಸಿಕ್ಕಿರುವುದು ಒಳಬಳೆಯಾದರೆ ಅದನ್ನೇ ಎಳೆಯತಕ್ಕದ್ದು. ಇದನ್ನು ಮರೆತು ಒಂದು ಬಳೆಯ ಬಿಗಿತಕ್ಕಾಗಿ ಮತ್ತೊಂದನ್ನು ಹೊಡೆದರೆ ಪೆಟ್ಟೆಲ್ಲವೂ ನಡುವಣ ಗುಂಡುಗಳ ಮೂಲಕ ಹಾದುಹೋಗಿ, ಅವು ಉರುಳುವ ನಯವಾದ ಹಾದಿಯಲ್ಲಿ ಕುಳಿಗಳು ಬೀಳುತ್ತವೆ. ಬಿಗಿತದಲ್ಲಿ ಪಾಲಿಲ್ಲದವರು ಬಿಡುಗಡೆಯ ಪೆಟ್ಟನ್ನು ಉಣ್ಣುತ್ತಾರೆ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: “ಕಬ್ಬಿಣಕ್ಕೆ ನೋವುಂಟೆ? ಹಳೆಯ ಬೇರಿಂಗನ್ನು ಹೇಗೂ ಎಸೆಯುವೆವಷ್ಟೆ. ಇದರಲ್ಲಿ ಧರ್ಮಾಧರ್ಮಗಳೆಲ್ಲಿಂದ ಬಂದವು?” ಎಸೆಯುವ ಬೇರಿಂಗು ಕೆಟ್ಟರೆ ನಷ್ಟವಿಲ್ಲ, ನಿಜ. ಅದೇ ಅಳತೆಯ ಹೊಸದು ಅಂಗಡಿಯಲ್ಲಿ ದೊರೆಯುತ್ತದೆ. ಆದರೆ ಓರೆಯಾದ ಪೆಟ್ಟಿನಿಂದ ಗೀರುಬಿದ್ದ ಕುಳಿಯು ಹೊಸ ಬೇರಿಂಗನ್ನು ಗಟ್ಟಿಯಾಗಿ ಹಿಡಿಯಲಾರದು. ಮೇಲೆ ಹೊಸದನ್ನು ಕೂರಿಸಿದ ಬಳಿಕ ಆ ಗೀರು ಯಾರಿಗೂ ಕಾಣದು. ಮನೆಯ ಮೂಲೆಯಲ್ಲಿ ದುಡಿಯುವವನಿಗೆ ಮೇಲ್ವಿಚಾರಕನಿಲ್ಲ. ಅವನ ಅಂತರಂಗವೊಂದೇ ಸಾಕ್ಷಿ. ಫಲವನ್ನು ಉಣ್ಣುವವನು ಮಾತ್ರ ದಾರಿಯಲ್ಲಿ ಆ ಗಾಡಿಯನ್ನು ನಂಬಿ ಕುಳಿತವನು. ಕಬ್ಬಿಣಕ್ಕೆ ನೋವಿಲ್ಲದಿದ್ದರೂ ಕಬ್ಬಿಣವನ್ನು ನಂಬಿದವನಿಗೆ ಉಂಟು.

ಸಂಸಾರದಲ್ಲಿಯೂ ಬಿಡಿಸಲೇಬೇಕಾದ ಬಿಗಿತಗಳಿವೆ. ಅಣ್ಣತಮ್ಮಂದಿರು ಪಾಲಾಗಬೇಕಾಗುತ್ತದೆ, ಸವೆದ ರೂಢಿಯನ್ನು ಕೈಬಿಡಬೇಕಾಗುತ್ತದೆ. ಬೇರೆಯಾಗುವುದೇ ಪಾಪವೆಂದು ನಾನು ಹೇಳಲಾರೆ. ಸವೆದ ಬೇರಿಂಗನ್ನು ತೆಗೆಯದೆ ಓಡಿಸಿದರೆ ಎಂಜಿನ್ನೇ ಕೆಡುತ್ತದೆ. ಆದರೆ ಹೊಲದ ಮೇಲಿನ ವ್ಯಾಜ್ಯವನ್ನು ಹೊಲದ ಮಾತಿನಲ್ಲಿಯೇ ತೀರಿಸದೆ, ಮುದುಕಿ ತಾಯಿಯ ಮೂಲಕ, ಸೊಸೆಯಂದಿರ ಮೂಲಕ, ಜೊತೆಯಾಗಿ ಆಡುವ ಮಕ್ಕಳ ಮೂಲಕ ಹೊಡೆಯುವವರನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಪಾಲು ಮುಗಿಯುತ್ತದೆ, ನಡುವಿನವರ ಮನಸ್ಸಿನಲ್ಲಿ ಬಿದ್ದ ಕುಳಿಗಳು ಮುಗಿಯುವುದಿಲ್ಲ. ಹೊಲವಾಗಲಿ ಪಾತ್ರೆಯಾಗಲಿ ಬೇರಿಂಗಿನಂತೆ ಮತ್ತೊಂದು ದೊರೆತೀತು. ಒಡಹುಟ್ಟುವಿಕೆಯಾದರೋ ಆ ಕವಚದಂತೆ. ಅದನ್ನು ಎರಕ ಹೊಯ್ದ ಕಾರ್ಖಾನೆಯು ಮುಚ್ಚಿದೆ.

ಆದಕಾರಣ ಬಿಡಿಸಲು ಹೊರಟವನು ತನ್ನನ್ನು ಮೂರು ಮಾತು ಕೇಳಿಕೊಳ್ಳತಕ್ಕದ್ದು: ಇದನ್ನು ಹಿಡಿದಿರುವುದು ಯಾವುದು? ಅದಕ್ಕೆ ಸಡಿಲಾಗಲು ಕಾಲವನ್ನು ಕೊಟ್ಟೆನೆ? ನನ್ನ ಪೆಟ್ಟು ಯಾರ ಮೂಲಕ ಹಾದುಹೋಗುತ್ತದೆ? ಮೂರಕ್ಕೂ ನಿಸ್ಸಂಶಯವಾದ ಉತ್ತರವು ದೊರೆತ ಮೇಲೆ ಸುತ್ತಿಗೆಯನ್ನು ಎತ್ತಿದರೆ ಅದು ಹಿಂಸೆಯಲ್ಲ, ಕರ್ತವ್ಯ. ಅದಕ್ಕೆ ಮೊದಲೇ ಎತ್ತಿದವನು ಜಯಿಸಿದರೂ ಏನನ್ನು ಮುರಿದು ಜಯಿಸಿದನೆಂಬುದು ಅವನಿಗೇ ತಿಳಿಯದು.