‘ಬೇಡ’ ಎಂಬ ಮಾತಿನ ತೂಕ

ಇಂಗ್ಲಿಷಿನ ‘ರೆಫ್ಯೂಸ್’, ‘ರಿಜೆಕ್ಟ್’, ‘ಡಿಸ್‌ಓನ್’ ಎಂಬ ಪದಗಳು ನಮ್ಮ ಕಿವಿಗೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಆದರೆ ಮಗಳು ಮೆಚ್ಚಿ ತಂದ ಸಂಬಂಧಕ್ಕೆ ಒಪ್ಪದಿದ್ದರೆ ಅದು ರೆಫ್ಯೂಸ್. ಹುಡುಗನೇ ಯೋಗ್ಯನಲ್ಲವೆಂದು ತಳ್ಳಿಹಾಕಿದರೆ ರಿಜೆಕ್ಟ್. ಇನ್ನು ಮುಂದೆ ನೀನು ನಮ್ಮ ಮಗಳೇ ಅಲ್ಲ ಎಂದರೆ ಡಿಸ್‌ಓನ್. ಮೊದಲನೆಯದು ಮಾತನ್ನು ಒಲ್ಲೆನೆನ್ನುತ್ತದೆ, ಕೊನೆಯದು ಮಗುವನ್ನೇ. ಸಿಟ್ಟು ಬಂದಾಗ ಒಂದರಿಂದ ಇನ್ನೊಂದಕ್ಕೆ ಜಾರಲು ನಮಗೆ ಅರೆಗಳಿಗೆ ಸಾಕು.

ಸಂತ ಪೇತ್ರರದು ಬೇರೆಯೇ ಪದ, ‘ಡಿನೈ’. ಗೊತ್ತಿದ್ದೂ ಅರಿಯೆನೆಂದರು, ಕೋಳಿ ಕೂಗಿದಾಗ ಅತ್ತರು. ಯೇಸುಸ್ವಾಮಿ ಅವರನ್ನು ಡಿಸ್‌ಓನ್ ಮಾಡಲಿಲ್ಲ.

ಬ್ರಹ್ಮಾವರದವರಿಗೆ ಇದು ಬರೀ ಪದಗಳ ಲೆಕ್ಕವಲ್ಲ. 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಬಿಷಪರಾಗಿ ಅಭಿಷಿಕ್ತರಾದ ಗೋವಾದ ಆಲ್ವಾರಿಸ್ ಮಾರ್ ಜೂಲಿಯಸ್ ನಮ್ಮ ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾದರು. ಬ್ರಹ್ಮಾವರದ ಫಾದರ್ ನೊರೊನ್ಹಾ ಅವರೊಡನೆ ನಿಂತರು. ಅನೇಕ ಕುಟುಂಬಗಳು ಹಿಂಬಾಲಿಸಿದವು. ಇಂದಿಗೂ ಅದೇ ಕೊಂಕಣಿ, ಅವೇ ಅಡ್ಡಹೆಸರುಗಳು, ಇಗರ್ಜಿ ಮಾತ್ರ ಬೇರೆ. ಬಹಿಷ್ಕಾರವನ್ನು ಧರ್ಮಸಭೆಯ ಕಾನೂನು ‘ಔಷಧರೂಪದ ಶಿಕ್ಷೆ’ಗಳ ಸಾಲಿಗೆ ಸೇರಿಸಿದೆ. ಅಂದರೆ ಗುಣವಾಗಿ ಮರಳಲೆಂದು ಕೊಡುವುದು, ಮರಳದಿರಲೆಂದಲ್ಲ. (ಕಹಿ ಔಷಧ ಕೊಟ್ಟವರೇ ರೋಗಿಯನ್ನು ಮರೆತುಬಿಡುವುದೂ ಉಂಟೆನ್ನಿ!)

ಬೇರೆ ಸಭೆಯವನನ್ನೋ ಬೇರೆ ಧರ್ಮದವನನ್ನೋ ಮದುವೆಯಾಗಿ ಹೋದ ಮಗಳು ನಿಮ್ಮ ಮನೆಯಲ್ಲೂ ಇದ್ದಾಳು. ಅವಳಿಗೆ ಅಂದು ನೀವು ಹೇಳಿದ್ದು ಇವುಗಳಲ್ಲಿ ಯಾವುದು? ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ದೂರದ ಮುಂಬಯಿ, ದುಬೈಗಳಲ್ಲಿರುವ ಮಕ್ಕಳಿಗೂ ಹೊಸ ಭತ್ತದ ಕಾಳು ಕಳುಹಿಸುವವರು ನಾವು. ಕುಂದಾಪುರದಲ್ಲೋ ಬೈಂದೂರಿನಲ್ಲೋ ಇರುವ ಅವಳಿಗೆ ಈ ಸಲ ಯಾರು ಒಯ್ದು ಕೊಡುತ್ತಾರೆ?