ಕಾರಣವರಿಯದ ಶ್ರದ್ಧೆ

ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ವತಿಯಿಂದ ಭಾರತಕ್ಕೆ ಬಂದುದು ಸುವಾರ್ತೆಯನ್ನು ಸಾರಲೆಂದು. ಪತ್ನಿ ಅಕಾಲದಲ್ಲಿ ತೀರಿಕೊಂಡರು. ಕಾಲಕ್ರಮೇಣ ದೃಷ್ಟಿಯೂ ಕುಂದಿತು. ಆದರೂ ಪದಸಂಗ್ರಹ ನಿಲ್ಲಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ನಿಘಂಟು ಎಲ್ಲ ಮತಗಳ ಕನ್ನಡಿಗರ ಸ್ವತ್ತಾಯಿತು.

ಹಾಗಾದರೆ ಆ ದುಃಖಕ್ಕೆ ನಿಘಂಟೇ ಪ್ರತಿಫಲವೆ? ಹಾಗೆನ್ನುವುದು ಕ್ರೂರವಾದೀತು. ಹೋದ ಜೀವವನ್ನು ಯಾವ ಗ್ರಂಥವೂ ಜಮಾಖರ್ಚಿನಲ್ಲಿ ಸರಿದೂಗಿಸದು. ಬೈಬಲಿನ ಯೋಬನಿಗೂ ದೇವರು ಸಂಕಟದ ಕಾರಣವನ್ನು ತಿಳಿಸಲಿಲ್ಲ. ಕ್ರೈಸ್ತನ ಶ್ರದ್ಧೆಯೆಂದರೆ ದೈವಸಂಕಲ್ಪವನ್ನು ಬಲ್ಲೆನೆಂಬ ಗರ್ವವಲ್ಲ. ಅರಿಯದಿದ್ದಾಗಲೂ ಅಂದಿನ ಕರ್ತವ್ಯವನ್ನು ಬಿಡದಿರುವುದು.

ಊರು ಬಿಟ್ಟು ಜನಕಪುರಿಯಲ್ಲಿ ನೆಲೆಸಿದವರಿಗೂ ವಿಯೋಗ, ವೈಫಲ್ಯಗಳು ತಪ್ಪಿದ್ದಲ್ಲ. ಇಂದಿನ ಪುಟವನ್ನು ಪ್ರಾಮಾಣಿಕವಾಗಿ ಬರೆಯುವುದಷ್ಟೇ ಮಾನವನ ಪಾಲು. ಇಡೀ ಗ್ರಂಥದ ಅರ್ಥವನ್ನು ಬಲ್ಲವನು ಭಗವಂತನೊಬ್ಬನೇ.